ಓಣಿಯ ಬಾವಿ ಕೆಂಪಾದ ಬೇಸಿಗೆ

ಹೋದ ತಿಂಗಳು ತವರಿಗೆಂದು ಗುಳೇದಗುಡ್ಡಕ್ಕೆ ಹೋಗಿದ್ದೆ. ಅಣ್ಣನ ಜೊತೆ ಅವನ ಪರಿಚಯದವರ ಮನೆಗೆ ಹೋಗಬೇಕಾಯಿತು. ಕುಪ್ಪಸದ ಖಣ ನೇಯುವವರ ಮನೆ. ಹಿತ್ತಲಲ್ಲಿ ಯಾರೋ ನೂಲಿಗೆ ಬಣ್ಣ ಕಾಯಿಸುತ್ತಿದ್ದರು. ಅಂಗಳ ದಾಟುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಕುದಿನೀರಲ್ಲಿ ತೊಯ್ದ ನೂಲು, ಸೋಡಾ, ಉಪ್ಪು, ಕಣ್ಣು ಚುರುಗುಟ್ಟಿಸುವ ಹಬೆ. ನನ್ನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. "ಯಾಕ, ಒಳಗ ಬಾ," ಎಂದು ಅಣ್ಣ ತಿರುಗಿ ನೋಡಿದ. ನನ್ನ ಮುಖ ಕಂಡ ಮೇಲೆ ಮತ್ತೆ ಕರೆಯಲಿಲ್ಲ. ತಾನೊಬ್ಬನೇ ಹೋಗಿ ಮಾತು ಮುಗಿಸಿಕೊಂಡು ಬಂದ.

ಆ ವಾಸನೆ ನನಗೆ ಹೊಸದೇನಲ್ಲ. ಮದುವೆಯಾದ ದಿನದಿಂದ ಅದರೊಳಗೇ ಉಸಿರಾಡಿದ್ದೇನೆ. ಆದರೆ ಅದು ಹೀಗೆ ಎದುರಿನಿಂದ ಬಂದಾಗಲೆಲ್ಲ ನನ್ನನ್ನು ಒಂದೇ ಕಡೆಗೆ ಒಯ್ಯುತ್ತದೆ, ಇಳಕಲ್ಲಿನ ನಮ್ಮ ಓಣಿಯ ಆ ಒಂದು ಬೇಸಿಗೆಗೆ.

ಸೀರೆ ನೇಯುವವರಿಗೆ ನೂಲಿನ ಲಡಿಗಳನ್ನು ಬಣ್ಣದಲ್ಲಿ ಅದ್ದಿ, ಒಣಗಿಸಿ ಕೊಡುವ ಮನೆಯನ್ನು ನಮ್ಮಲ್ಲಿ ಬಣ್ಣದ ಮನೆ ಅನ್ನುತ್ತಾರೆ. ನನ್ನನ್ನು ಅಂಥ ಮನೆಗೆ ಕೊಟ್ಟಿದ್ದರು. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದಿದವಳು, ರಸಾಯನಶಾಸ್ತ್ರ. ಹೆಣ್ಣು ನೋಡಲು ಬಂದಾಗ ಮಾವ, "ನಮ್ಮದೂ ಅದ ವಿದ್ಯೆ ಅಲ್ಲೇನ್ರಿ," ಎಂದು ನಕ್ಕಿದ್ದರು. ಅಣ್ಣನ ನಾಲ್ಕು ಮಗ್ಗಗಳಿಗೂ ಅದೇ ಮನೆಯಿಂದ ನೂಲು ಬರುತ್ತಿತ್ತು. ಹೀಗಾಗಿ ಎರಡೂ ಕಡೆಯವರಿಗೆ ಸಂಬಂಧ ಒಪ್ಪಿಗೆಯಾಯಿತು.

ಮಾವ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ತುಟಿಗೆ ನೀರು ತಾಗಿಸಿದವರಲ್ಲ. ಬಸವಣ್ಣನ ಪಟದ ಮುಂದೆ ಕೂತರೆ ಅರ್ಧ ತಾಸು ಮೈಮರೆಯುತ್ತಿದ್ದರು. ಹಸಿದು ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿದ್ದು ನಾನು ನೋಡಿಲ್ಲ. ನೇಕಾರರಿಗೆ ತಾವು ಕೊಟ್ಟ ನೂಲು ಬಣ್ಣ ಬಿಟ್ಟರೆ ತಾವೇ ಅವರ ಮನೆಗೆ ಹೋಗಿ ಬೇರೆ ನೂಲು ಕೊಟ್ಟು ಬರುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ನನ್ನ ಪಾಡು ಎಷ್ಟೋ ಹಗುರವಾಗುತ್ತಿತ್ತು ಎಂದು ಆಮೇಲೆ ಅನೇಕ ಸಲ ಅನಿಸಿದೆ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಒಂದು ದೊಡ್ಡ ಕಲ್ಲಿತ್ತು. ಅದರ ಕೆಳಗೆ ಹಳೆಯ ಬೋರು. ಎಂದೋ ಕೊರೆಸಿದ್ದು, ನೀರು ಬೀಳಲಿಲ್ಲವಂತೆ. ಲಡಿ ಅದ್ದಿ ಉಳಿದ ಬಣ್ಣದ ನೀರು ಹಿತ್ತಲ ಕಾಲುವೆಯಲ್ಲಿ ಹರಿದು ಆ ಕಲ್ಲಿನ ಸಂದಿಯಿಂದ ಬೋರಿನೊಳಗೆ ಇಳಿಯುತ್ತಿತ್ತು. ಗಟಾರಕ್ಕೆ ಬಿಟ್ಟರೆ ಓಣಿಯವರ ತಕರಾರು, ಆದ್ದರಿಂದ ಈ ಉಪಾಯ. ಮದುವೆಯಾದ ಮೂರನೆಯ ವರ್ಷ ಅದು ಕಟ್ಟಿಕೊಂಡು ಕಲ್ಲು ಎತ್ತಿಸಿದಾಗ ನಾನು ಕಬ್ಬಿಣದ ಪೈಪಿನ ಬಾಯಿ ಕಂಡೆ. ಯಾರೂ ನನಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ನೀರು ಆ ಪೈಪಿನೊಳಗೆ ಗುಳುಗುಳು ಇಳಿಯುವುದು ಕೇಳಿಸುತ್ತಿತ್ತು. ಕೆಲವು ದಿನ ಕೇಳಿಸಿತು, ಆಮೇಲೆ ಕಿವಿಗೆ ಅಭ್ಯಾಸವಾಯಿತು.

ಆ ಬೇಸಿಗೆಯಲ್ಲಿ ನಳದ ನೀರು ವಾರ ಕಳೆದರೂ ಬರದಂತಾಯಿತು. ಓಣಿಯ ಕೊನೆಗೆ ಕಲ್ಲಿನ ಮೆಟ್ಟಿಲ ಬಾವಿಯೊಂದಿತ್ತು. ಹೂಳು ತುಂಬಿ, ಜನ ಕಸ ಚೆಲ್ಲುವ ಜಾಗವಾಗಿತ್ತು. ಅದನ್ನು ತೆಗೆಸಬೇಕೆಂದು ಮೊದಲು ಹೇಳಿದವಳು ಕಾಶವ್ವ. ಎರಡು ಮಗ್ಗದ ಯಜಮಾನಿ, ಗಂಡ ತೀರಿಕೊಂಡ ಮೇಲೆ ತಾನೇ ಮಗ್ಗದ ಕುಣಿಗೆ ಇಳಿದು ನೇಯುತ್ತಿದ್ದವಳು, ಮಾತು ಕಡಿಮೆ. ಮನೆಮನೆಗೆ ಬಂದು, "ನಾಳೆ ಮುಂಜಾನಿ ಬುಟ್ಟಿ ತಗೊಂಡು ಬರ್ರಿ," ಎಂದಷ್ಟೇ ಹೇಳಿ ಹೋದಳು. ಗಂಡಸರು ನಕ್ಕರು. ಮರುದಿನ ಹದಿನಾಲ್ಕು ಮಂದಿ ಹೆಂಗಸರು ಸೆರಗು ಸಿಕ್ಕಿಸಿ ಬಾವಿಗೆ ಇಳಿದಿದ್ದರು.

ನಮ್ಮ ಮನೆಯಿಂದ ನನ್ನನ್ನು ಕಳಿಸಿದ್ದೇ ಆಶ್ಚರ್ಯ. ಅಲ್ಲಿಯವರೆಗೆ ನಾನು ಗುಡಿಗೆ, ದವಾಖಾನೆಗೆ, ತವರಿಗೆ ಬಿಟ್ಟರೆ ಹೊಸ್ತಿಲು ದಾಟಿದವಳಲ್ಲ. ಅತ್ತೆ ಹೂಂ ಅನ್ನಲಿಲ್ಲ. ಮಾವನೇ, "ಹೋಗಲಿ ಬಿಡು, ಪುಣ್ಯದ ಕೆಲಸ," ಎಂದು ಹೊಸ ಹಗ್ಗ ಮತ್ತು ಗಾಲಿ ತರಿಸಿಕೊಟ್ಟರು. ಹನ್ನೊಂದು ದಿನ ಹೂಳು ಎತ್ತಿದೆವು. ಒಡೆದ ಕೊಡ, ಪ್ಲಾಸ್ಟಿಕ್ಕು, ತುಕ್ಕು ಹಿಡಿದ ಸೈಕಲ್ಲಿನ ಚಕ್ರ, ಯಾರದೋ ಮನೆಯ ಒಳಕಲ್ಲು ಎಲ್ಲವೂ ಮೇಲೆ ಬಂದವು. ಬುಟ್ಟಿ ಕೈಯಿಂದ ಕೈಗೆ ದಾಟುವಾಗ ಹಾಡು, ಬೈಗುಳ, ನಗೆ. ನಾನು ಅಷ್ಟು ನಕ್ಕಿದ್ದು ಕಾಲೇಜಿನ ನಂತರ ಅದೇ ಮೊದಲು. ಹನ್ನೆರಡನೆಯ ದಿನ ಕೆಳಗಿನ ಬಂಡೆಯ ಬಿರುಕಿನಿಂದ ನೀರು ಜಿನುಗಿತು. ಮಾವ ಬಂದು ಕಾಯಿ ಒಡೆದರು.

ಕಾಶವ್ವ ಬಾವಿಗೆ ಒಂದು ಕಟ್ಟಳೆ ಮಾಡಿದಳು. ಕಟ್ಟೆಯ ಮೇಲೆ ಬಟ್ಟೆ ಒಗೆಯುವಂತಿಲ್ಲ, ಒಂದು ಮನೆಗೆ ದಿನಕ್ಕೆ ಇಷ್ಟೇ ಕೊಡ, ವಾರಕ್ಕೊಮ್ಮೆ ನಾಲ್ಕು ಮಂದಿ ಸರದಿಯಲ್ಲಿ ಮೆಟ್ಟಿಲು ತೊಳೆಯಬೇಕು. ಗೋಡೆಯ ಮೇಲೆ ಅದನ್ನೆಲ್ಲ ಬರೆದವಳು ನಾನು. ನನ್ನ ಅಕ್ಷರ ದುಂಡಗಿವೆ ಎಂದು ಎಲ್ಲರೂ ಹೊಗಳಿದರು.

ಮೂರು ವಾರ ಕಳೆದಿರಬೇಕು. ಒಂದು ಮಂಗಳವಾರ ಕಾಶವ್ವ ಬಿಳಿ ಬಕೆಟ್ಟೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಒಳಗೆ ನೀರು ನಸುಗೆಂಪಗಿತ್ತು, ಗುಲಾಬಿ ದಳ ನೆನೆಸಿಟ್ಟ ಹಾಗೆ.

"ಯಾರರ ಕುಂಕುಮ ಚೆಲ್ಯಾರೇನೋ ಅಂತ ಮಾಡಿದ್ದೆ. ನಿನ್ನಿನೂ ಹಿಂಗ ಇತ್ತು. ನೀ ಓದಿದಾಕಿ, ನೋಡಿ ಹೇಳು ತಂಗಿ."

ನಾನು ನೋಡಬೇಕಾಗಿಯೇ ಇರಲಿಲ್ಲ. ಹಿಂದಿನ ವಾರ ಮಾವನಿಗೆ ದಾಳಿಂಬೆ ಬಣ್ಣದ ನೂಲಿನ ದೊಡ್ಡ ಆರ್ಡರು ಬಂದಿತ್ತು. ಆ ಲಡಿಗಳನ್ನು ತೊಳೆದ ಕೈಗಳಲ್ಲಿ ನನ್ನವೂ ಇದ್ದವು. ಉಗುರಿನ ಸಂದಿಯಲ್ಲಿ ಅದೇ ಕೆಂಪು ಇನ್ನೂ ಉಳಿದಿತ್ತು. ಬೋರಿನಿಂದ ಬಾವಿಗೆ ನಲವತ್ತು ಹೆಜ್ಜೆಯೂ ಇಲ್ಲ. ಬಾವಿ ಹೂಳಿನಲ್ಲಿ ಮುಚ್ಚಿಹೋಗಿದ್ದಾಗ ಬಣ್ಣ ಬಂಡೆಯೊಳಗೆ ಎಲ್ಲಿಗೆ ಹೋಗುತ್ತಿತ್ತೋ ಯಾರಿಗೆ ಗೊತ್ತು. ಈಗ ಓಣಿಯವರು ದಿನಾ ನೀರು ಸೇದುತ್ತಿದ್ದರು. ಸೇದಿದಷ್ಟೂ ಬಂಡೆಯ ಬಿರುಕುಗಳು ಸುತ್ತಲಿನ ನೀರನ್ನು ಬಾವಿಯ ಕಡೆಗೆ ಎಳೆಯುತ್ತಿದ್ದವು. ನಾವು ಹನ್ನೊಂದು ದಿನ ಬೆವರು ಸುರಿಸಿ ನಮ್ಮ ಮನೆಯ ಬಣ್ಣಕ್ಕೆ ದಾರಿ ಮಾಡಿಕೊಟ್ಟಿದ್ದೆವು.

ಹಿಂದೆ ಅತ್ತೆ ಬಂದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು.

"ಮಣ್ಣಿಂದ ಇರಬೇಕು ಕಾಶಕ್ಕ," ಅಂದೆ. "ಕೆಂಪು ಕಲ್ಲಿನ ಸೀಮಿ ಅಲ್ಲೇನು."

ಕೈಯಿಂದ ಉಗುರು ಮರೆಮಾಡಿಕೊಂಡು ಹೇಳಿದ ಆ ಮಾತು ನನ್ನದೇ. ಯಾರೂ ಕಲಿಸಿಕೊಟ್ಟದ್ದಲ್ಲ.

ಮಧ್ಯಾಹ್ನ ಗಂಡನ ಹತ್ತಿರ ಬಾಯಿ ತೆಗೆದೆ. ಮಹಾಂತೇಶ ಒಳ್ಳೆಯ ಮನುಷ್ಯ, ಆದರೆ ಅಪ್ಪನ ಎದುರು ದನಿ ಎತ್ತಿದವನಲ್ಲ. ಒಲೆಯ ಬೂದಿ ಕೆದಕುತ್ತ ಕೂತ.

"ನಿನಗ ಇವತ್ತ ಗೊತ್ತಾತು. ಬಣ್ಣ ನೆಲದಾಗಿನ ನೀರಿಗೆ ಕೂಡ್ತೈತಿ ಅಂತ ನನಗ ಭಾಳ ದಿನದಿಂದ ಗೊತ್ತೈತಿ," ಅಂದ. "ಏನ್ ಮಾಡ್ಲಿ ಹೇಳು. ಬಣ್ಣ ನಿಂತ್ರ ಮನಿ ನಿಂತಂಗ."

"ಆ ನೀರು ಹುಡುಗ್ರು ಕುಡೀತಾವ್ರಿ."

"ನಮ್ಮನಿಗೆ ಅದನ್ನ ತರಬ್ಯಾಡ. ಸೃಷ್ಟಿಗೆ ಕ್ಯಾನಿನ ನೀರು ಕೊಡು."

ಸೃಷ್ಟಿ ನಮ್ಮ ಮಗಳು, ಆಗ ಆರು ವರ್ಷ. ಅಂದಿನಿಂದ ಅವಳಿಗೆ ಕ್ಯಾನಿನ ನೀರು. ಓಣಿಯ ಉಳಿದ ಮಕ್ಕಳಿಗೆ ಬಾವಿಯದು. ಅವಳು ಲೋಟ ಎತ್ತಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಅವ್ವನಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡಳು. "ನಿಮ್ಮಣ್ಣನ ನಾಕೂ ಮಗ್ಗ ನಿಮ್ಮ ಮಾವನ ನೂಲಿನ ಮ್ಯಾಲೆ ನಡದಾವವಾ. ನೀ ಬಾಯಿ ತಗದಿ ಅಂದ್ರ ಇಲ್ಲಿ ಮಗ್ಗ ನಿಂದರತಾವ. ವಿಚಾರ ಮಾಡು." ಆ ಕಡೆ ಅಣ್ಣನ ಮಗ್ಗದ ಸದ್ದು ಕೇಳುತ್ತಿತ್ತು. ಅವ್ವ ಫೋನು ಇಡುವ ತನಕವೂ ಅದು ನಿಲ್ಲಲಿಲ್ಲ.

ಮಣ್ಣಿನ ಮಾತನ್ನು ಓಣಿ ಹೆಚ್ಚು ದಿನ ನಂಬಲಿಲ್ಲ. ಮುಂದಿನ ವಾರ ನೀರು ನೀಲಿಗೆ ತಿರುಗಿತು. ಬಾವಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಯಮನವ್ವ ಎಂಬ ಮುದುಕಿಯ ಮನೆ. ಅವಳು ಒಬ್ಬಳೇ. ಎರಡು ತಾಮ್ರದ ಹಂಡೆ ಇಟ್ಟುಕೊಂಡು ಬಡ ನೇಕಾರರಿಗೆ ಒಂದೆರಡು ಲಡಿ ಬಣ್ಣ ಹಾಕಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಅವಳ ನೀರು ಎಲ್ಲರ ಕಣ್ಣೆದುರೇ ಗಟಾರಕ್ಕೆ ಹರಿಯುತ್ತಿತ್ತು. ಕಣ್ಣಿಗೆ ಕಂಡ ಬಣ್ಣ ಅವಳದೊಂದೇ. ನಮ್ಮ ಮನೆಯ ಬಣ್ಣದ ನೀರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಯಾರಿಗೂ ತೋಚಲಿಲ್ಲ. ನಮ್ಮದು ಕಾಯಿ ಒಡೆದ, ಹಗ್ಗ ಕೊಟ್ಟ ಮನೆ.

ಹೆಂಗಸರು ಅವಳ ಬಾಗಿಲಿಗೆ ಹೋದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಯಮನವ್ವ ಒದ್ದೆ ಕೈ ಸೀರೆಗೆ ಒರೆಸುತ್ತ ಹೊರಗೆ ಬಂದಳು.

"ನನ್ನ ನೀರು ಗಟಾರದಾಗ ಹೊಕ್ಕೈತಿ ಯವ್ವಾ, ಹಳ್ಳಕ್ಕ ಹೋಗ್ತೈತಿ. ಬಾವಿಗೆ ಹೆಂಗ ಹೋಗ್ತೈತಿ?" ಎಂದಳು. ಸುತ್ತ ನೋಡಿದಳು. ನಾನು ಅವಳ ಕಣ್ಣಿಗೆ ಬಿದ್ದೆ. "ಸುಜಾತವ್ವಾರ, ನೀವರ ಹೇಳ್ರಿ. ನೀವು ಓದಿದವರು. ನಿಮಗ ಬಣ್ಣದ ಸಂಗ್ತಿ ಗೊತ್ತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆಯ ಕೈ ನನ್ನ ಮೊಣಕೈ ಹಿಡಿಯಿತು. ಬಿಗಿಯಾಗಿ ಅಲ್ಲ, ಸುಮ್ಮನೆ ಇಟ್ಟ ಹಾಗೆ.

"ಒಲಿ ಮ್ಯಾಲೆ ಹಾಲು ಐತಿ. ಒಳಗ ನಡಿ," ಅಂದರು.

ಒಲೆಯ ಮೇಲೆ ಹಾಲಿರಲಿಲ್ಲ. ನಾನು ಒಳಗೆ ನಡೆದೆ.

ಯಮನವ್ವನ ಎರಡೂ ಹಂಡೆಗಳನ್ನು ಕಾಶವ್ವ ತನ್ನ ಮನೆಗೆ ಒಯ್ದಿಟ್ಟುಕೊಂಡಳು. "ನೀರು ತಿಳಿ ಆಗಲಿ, ತಿರುಗಿ ಕೊಡ್ತೇನಿ," ಎಂದಳಂತೆ. ಮುದುಕಿ ಯಾರದೋ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕೂಲಿಗೆ ಹೋಗತೊಡಗಿದಳು. ಕಣ್ಣು ಮಂಜಾದವಳು ಎಳೆ ಹುಡುಕುತ್ತ ಕೂತಿರುತ್ತಿದ್ದಳೆಂದು ನಂತರ ಕೇಳಿದೆ.

ಆ ವಾರವೇ ನಮ್ಮ ಮನೆಯವರೆಲ್ಲ ಕೂಡಲಸಂಗಮಕ್ಕೆ ಹೋದೆವು. ಮಾವನಿಗೆ ಪ್ರತಿ ವರ್ಷ ಅಲ್ಲಿ ಐದು ದಿನ ಇರುವ ರೂಢಿ. ಐದು ದಿನ ಬಣ್ಣದ ಒಲೆ ಹತ್ತಲಿಲ್ಲ. ನಾವು ತಿರುಗಿ ಬಂದಾಗ ಬಾವಿಯ ನೀರಿನ ಬಣ್ಣ ತೆಳುವಾಗಿತ್ತು. ಕಾಶವ್ವ ನನ್ನನ್ನು ಕರೆದು ತೋರಿಸಿದಳು. "ನೋಡು ತಂಗಿ, ಹಂಡೆ ತಂದಿಟ್ಟ ಎಂಟ ದಿನಕ್ಕ ನೀರು ತಿಳಿ ಆಗಾಕತ್ತೈತಿ. ಬಣ್ಣ ಮುದುಕಿದ ಅನ್ನೂದು ಖರೆ ಆತು." ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ, ಸಂಕಟವೇ ಇತ್ತು. ನಾನು ಹೂಂ ಅಂದೆ.

ಹಿತ್ತಲಲ್ಲಿ ಮತ್ತೆ ಒಲೆ ಹತ್ತಿತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಆ ಗುಳುಗುಳು ಸದ್ದನ್ನು ಕೇಳುತ್ತಿದ್ದೆ. ಈಗ ಅದು ಮತ್ತೆ ಕಿವಿಗೆ ಬೀಳತೊಡಗಿತ್ತು. ಹಗಲೆಲ್ಲ ಅದೊಂದೇ. ನಾಲ್ಕು ಗೋಡೆಗಳೂ ದಿನಕ್ಕೊಂದು ಗೇಣು ಒಳಗೆ ಸರಿದಂತೆ ಅನಿಸುತ್ತಿತ್ತು.

ಒಂದು ದಿನ ಸುಳ್ಳು ಹೇಳಿ ಹುನಗುಂದಕ್ಕೆ ಹೋದೆ. ಗೆಳತಿಯ ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ ಅಂದೆ. ಗೆಳತಿ ವಿದ್ಯಾ ಖರೆ, ತೊಟ್ಟಿಲು ಸುಳ್ಳು. ಅವಳು ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಬ್ಯಾಗಿನಲ್ಲಿ ಬಾವಿಯ ನೀರಿನ ಬಾಟಲಿ ಒಯ್ದಿದ್ದೆ. ಅವಳು ಪ್ರಯೋಗಶಾಲೆಯಲ್ಲಿ ಕೂರಿಸಿ, ನಾವಿಬ್ಬರೂ ಕಲಿತ ಪರೀಕ್ಷೆಗಳನ್ನೇ ಮಾಡಿದಳು.

"ಉಪ್ಪು ಭಾಳ ಐತಿ. ಸೋಡಾ ಐತಿ. ಇದು ಬಣ್ಣದ ಮನಿ ನೀರು ಸುಜಾತಾ, ಅನುಮಾನ ಬ್ಯಾಡ," ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಳು. "ಒಂದೆರಡು ಹಂಡೇದ ಅಲ್ಲ, ದೊಡ್ಡ ಪ್ರಮಾಣದ್ದು. ಯಾರ ಮನಿದು?"

"ಗೊತ್ತಿಲ್ಲ," ಅಂದೆ.

ಅವಳು ನನ್ನ ಉಗುರುಗಳನ್ನು ನೋಡಿದಳು. ಮತ್ತೇನೂ ಕೇಳದೆ ಚಹಾ ತರಿಸಿದಳು.

ಬಸ್ ಸ್ಟ್ಯಾಂಡಿನಲ್ಲಿ ಗುಳೇದಗುಡ್ಡದ ಬಸ್ಸು ನಿಂತಿತ್ತು. ಹತ್ತಿಬಿಡಲೇ ಅನಿಸಿತು. ಹತ್ತಿದರೆ ಇಳಿಯುವುದು ಅಣ್ಣನ ಮಗ್ಗದ ಎದುರು. ಅಲ್ಲಿಯೂ ಮಾವನ ನೂಲೇ. ಬಿಸಿಲಲ್ಲಿ ನಿಂತು ಆ ಬಸ್ಸು ಹೊರಡುವುದನ್ನು ನೋಡಿದೆ. ಆಮೇಲೆ ಇಳಕಲ್ಲಿನ ಬಸ್ಸು ಹತ್ತಿದೆ. ವಿದ್ಯಾಳ ಹಾಳೆಯನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಎರಡು ವಾರ ಅದು ಅಲ್ಲೇ ಇತ್ತು.

ನೀರು ಹಸಿರಾಯಿತು. ಗಿಳಿಹಸಿರು ನೂಲು ನಮ್ಮ ತಂತಿಗಳ ಮೇಲೆ ಒಣಗುತ್ತಿದ್ದ ದಿನಗಳವು. ಹಂಡೆಯಿಲ್ಲದೆ ಯಮನವ್ವ ಹೇಗೆ ಬಣ್ಣ ಹಾಕುತ್ತಾಳೆ ಎಂದು ಕೆಲವರು ಕೇಳಿದರು. ಕದ್ದು ಹಾಕುತ್ತಿರಬೇಕು ಎಂದು ಇನ್ನು ಕೆಲವರು ಹೇಳಿದರು. ಒಂದು ಮಗುವಿಗೆ ಮೈಮೇಲೆ ಗುಳ್ಳೆ ಎದ್ದಿದ್ದವು, ಅದರ ತಾಯಿ ಅಳುತ್ತಿದ್ದಳು. ಅವಳ ಅಳುವಿನ ಮುಂದೆ ಯಾರಿಗೂ ತಾಳ್ಮೆ ಉಳಿಯಲಿಲ್ಲ. ಮನೆ ಹುಡುಕಿ ನೋಡುವುದೆಂದು ನಿರ್ಧಾರವಾಯಿತು. ಬಣ್ಣದ ಪುಡಿ ಗುರುತಿಸಲು ನನ್ನನ್ನು ಕರೆದರು. ಬರುವುದಿಲ್ಲ ಅಂದರೆ ಅನುಮಾನ ಬಂದೀತು ಎಂದು ಅತ್ತೆಯೇ ಕಳಿಸಿದರು. "ನೋಡಿ ಬಂದುಬಿಡು. ಮಾತು ಬೆಳಸಬ್ಯಾಡ."

ಯಮನವ್ವನ ಮನೆ ಒಂದೇ ಖೋಲಿ. ಅವಳು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು, ತಡೆಯಲಿಲ್ಲ. ಡಬ್ಬಿಗಳನ್ನು ತೆರೆದರು, ಹಾಸಿಗೆ ಕೊಡವಿದರು. ಅವಳ ಟ್ರಂಕು ತೆಗೆದಾಗ ಎರಡು ಸೀರೆ, ಗಂಡನದಿರಬೇಕು ಒಂದು ರುಮಾಲು, ಅದರಡಿ ಒಂದು ಸಣ್ಣ ಡಬ್ಬಿ ಸಿಕ್ಕವು. ಡಬ್ಬಿಯಲ್ಲಿ ಒಂದು ಚಮಚದಷ್ಟು ಕಪ್ಪು ಬಣ್ಣದ ಪುಡಿ.

"ಇದೇನು ಮತ್ತ?" ಎಂದು ಯಾರೋ ಅದನ್ನು ನನ್ನ ಕೈಗೆ ಕೊಟ್ಟರು.

ಯಮನವ್ವ ತಲೆ ತಗ್ಗಿಸಿಯೇ ಹೇಳಿದಳು: "ನನ್ನ ಚಂದ್ರಕಾಳಿ ಸೀರಿ ಬೆಳ್ಳಗಾಗಿತ್ತು. ಅದನ್ನ ಒಮ್ಮೆ ಕಪ್ಪ ಮಾಡ್ಕೊಳ್ಳೂಣು ಅಂತ ಇಟಗೊಂಡಿದ್ದೆ. ಸತ್ತಾಗ ಉಡಸಾಕ ಬರ್ತೈತಿ ಅಂತ."

ಖೋಲಿಯಲ್ಲಿ ಎಂಟು ಜನ ಹೆಂಗಸರಿದ್ದೆವು. ಧೈರ್ಯ ಬಂತು ಅಂದರೆ ಸುಳ್ಳಾಗುತ್ತದೆ. ಆ ಡಬ್ಬಿ ಹಿಡಿದು ಇನ್ನೊಂದು ಕ್ಷಣ ಅಲ್ಲಿ ನಿಲ್ಲಲು ಆಗಲಿಲ್ಲ, ಅಷ್ಟೇ.

"ಈಕಿದಲ್ಲ," ಅಂದೆ. "ನಮ್ಮ ಮನಿದು."

"ಏನಂದಿ?" ಎಂದಳು ಕಾಶವ್ವ.

"ಬಣ್ಣ ನಮ್ಮ ಮನಿದು ಕಾಶಕ್ಕ. ಹಿತ್ತಲದಾಗ ಒಗಿಯೂ ಕಲ್ಲಿನ ಕೆಳಗ ಹಳೇ ಬೋರ್ ಐತಿ. ನೀರು ಅದ್ರಾಗ ಬಿಡ್ತಾರ. ನನಗ ಮೊದಲಿಂದ ಗೊತ್ತಿತ್ತು."

ಕಾಶವ್ವ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಿ ಟ್ರಂಕಿನಲ್ಲಿಟ್ಟಳು. ಸೀರೆಗಳನ್ನು ಮಡಚಿ ಅದರ ಮೇಲಿಟ್ಟಳು. ಟ್ರಂಕಿನ ಮುಚ್ಚಳ ಹಾಕಿದ ಮೇಲೆ, "ನಡೀರಿ," ಎಂದಳು.

ಮಾವ ಪಡಸಾಲೆಯಲ್ಲಿ ನೇಕಾರರೊಬ್ಬರ ಜೊತೆ ಕೂತಿದ್ದರು. ಅಷ್ಟು ಹೆಂಗಸರನ್ನು ಕಂಡು, "ಬರ್ರಿ, ಕೂಡ್ರಿ," ಎಂದು ಎದ್ದರು. ಕಾಶವ್ವ ಕೂಡಲಿಲ್ಲ. "ಹಿತ್ತಲ ನೋಡಬೇಕಾಗೈತ್ರಿ ಯಜಮಾನ್ರ," ಅಂದಳು.

"ಅಲ್ಲೇನೈತವಾ, ಒಗಿಯೂ ಕಲ್ಲು," ಎಂದರು ಮಾವ. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಮತ್ತೆ ಕೂತು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡರು.

ನಾನು ಹಿತ್ತಲಿಗೆ ಹೋಗಿ ಕಲ್ಲಿಗೆ ಕೈ ಹಾಕಿದೆ. ಅಲುಗಲಿಲ್ಲ. ಗಂಡ ಹಿತ್ತಲ ಬಾಗಿಲಲ್ಲಿ ನಿಂತಿದ್ದ, ಹತ್ತಿರ ಬರಲಿಲ್ಲ. ಅತ್ತೆ, "ನಿನಗೇನು ಕಮ್ಮಿ ಮಾಡಿದ್ವಿ ಈ ಮನ್ಯಾಗ?" ಎಂದರು. ಅವರು ಏನೂ ಕಮ್ಮಿ ಮಾಡಿರಲಿಲ್ಲ. ಕಾಶವ್ವ ಮತ್ತೆ ಮೂವರು ಬಂದು ಕೈ ಹಚ್ಚಿದರು. ಕಲ್ಲು ಸರಿಯಿತು. ಪೈಪಿನ ಬಾಯಿಯ ಸುತ್ತ ಎಷ್ಟೋ ವರ್ಷಗಳ ಬಣ್ಣ ಪದರ ಪದರವಾಗಿ ಗಟ್ಟಿಯಾಗಿತ್ತು. ಕೆಂಪು, ನೀಲಿ, ಹಸಿರು ಎಲ್ಲವೂ. ಬೇರೆ ಸಾಕ್ಷಿ ಬೇಕಾಗಲಿಲ್ಲ.

ನಗರಸಭೆಯ ಕಚೇರಿಗೆ ಅರ್ಜಿ ಕೊಡಬೇಕೆಂದು ಕೆಲವರು, ಓಣಿಯೊಳಗೇ ಬಗೆಹರಿಯಲಿ ಎಂದು ಕೆಲವರು. ಕೊನೆಗೆ ಕಾಶವ್ವ ಹೇಳಿದ್ದೇ ಆಯಿತು. ಬೋರನ್ನು ಜಲ್ಲಿ, ಸಿಮೆಂಟು ತುಂಬಿ ಮುಚ್ಚಬೇಕು. ಊರ ಹೊರಗಿನ ನಮ್ಮ ಹೊಲದಲ್ಲಿ ತೊಟ್ಟಿ ಕಟ್ಟಿ, ಬಣ್ಣದ ನೀರನ್ನು ಅಲ್ಲಿಗೆ ಒಯ್ದು ಬಿಸಿಲಿಗೆ ಬತ್ತಿಸಬೇಕು. ಅಷ್ಟು ಮಾಡಲು ಆಗುವಷ್ಟೇ ಬಣ್ಣ ಹಾಕಬೇಕು. ಅರ್ಜಿ ಬರೆದು ಅವಳ ಪೆಟ್ಟಿಗೆಯಲ್ಲಿರುತ್ತದೆ, ಮಾತು ತಪ್ಪಿದ ದಿನ ಕಚೇರಿಗೆ ಹೋಗುತ್ತದೆ.

"ಅರ್ಜಿ ನೀನ ಬರಿ," ಎಂದಳು ನನಗೆ.

ನಮ್ಮದೇ ಪಡಸಾಲೆಯಲ್ಲಿ ಕೂತು, ಎಲ್ಲರೂ ನೋಡುತ್ತಿರುವಾಗ, ಮಾವನ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆದೆ. ವಿದ್ಯಾಳ ಹಾಳೆಯನ್ನೂ ತಂದು ಜೊತೆಗಿಟ್ಟೆ. ಆ ಹಾಳೆಯನ್ನು ಎರಡು ವಾರ ಬಚ್ಚಿಟ್ಟಿದ್ದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಮಳೆಗಾಲ ಬಂತು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಸೃಷ್ಟಿಯ ಮೂಲಕ ಹೇಳುತ್ತಿದ್ದರು. "ನಿಮ್ಮವ್ವಗ ಹೇಳು, ಹಿಟ್ಟು ಮುಗದೈತಿ." ನಾನು ಅಲ್ಲೇ ಎದುರಿಗಿರುತ್ತಿದ್ದೆ. ಮಾವ ಅರ್ಧದಷ್ಟು ಆರ್ಡರು ಬಿಟ್ಟರು. ಅಣ್ಣನಿಗೆ ನೂಲು ಹೋಗುವುದು ನಿಂತಿತು. ಅವನ ನಾಲ್ಕೂ ಮಗ್ಗ ಎರಡು ತಿಂಗಳು ಖಾಲಿ ಇದ್ದವು, ಆಮೇಲೆ ಕೆರೂರಿನ ಕಡೆಯಿಂದ ಹೇಗೋ ನೂಲು ಹೊಂದಿಸಿಕೊಂಡ. ಪಂಚಮಿಗೆ ಎಲ್ಲ ಮನೆಗಳಿಗೂ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ಕರೆದೊಯ್ದರು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಓಣಿಯಲ್ಲಿ ಜೋಕಾಲಿ ಕಟ್ಟಿದ್ದರು. ನಾನು ಕಿಟಕಿಯ ಸರಳು ಹಿಡಿದು ನಿಂತು, ಸೃಷ್ಟಿ ಬೇರೆಯವರ ಮಕ್ಕಳ ಜೊತೆ ಜೀಕುವುದನ್ನು ನೋಡಿದೆ. ಮನೆಯೊಳಗೆ ನನ್ನ ಮಾತಿಲ್ಲ, ತವರಿನ ದಾರಿ ಇಲ್ಲ, ಓಣಿಯ ಹೆಂಗಸರಿಗೂ ನನ್ನ ಮುಖ ನೋಡಿ ಮೊದಲಿನಂತೆ ನಗಲು ಆಗುತ್ತಿರಲಿಲ್ಲ. ಸತ್ಯ ಹೇಳಿದರೆ ಬಾಗಿಲು ತೆರೆಯುತ್ತದೆ ಎಂದು ಎಲ್ಲೋ ನಂಬಿದ್ದೆ. ಹಾಗೇನೂ ಆಗಲಿಲ್ಲ.

ತೊಟ್ಟಿ ಕಟ್ಟಿದವನು ಮಹಾಂತೇಶ. ಅಪ್ಪ ಹೇಳುವ ಮೊದಲೇ ಹೊಲಕ್ಕೆ ಹೋಗಿ ತಾನೇ ಪಾಯ ತೋಡಿದ. ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಕೈಯಲ್ಲಿ ಎದ್ದ ಬೊಕ್ಕೆಗಳಿಗೆ ನಾನು ಎಣ್ಣೆ ಹಚ್ಚುವಾಗ ಕೈ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಬಾವಿಯನ್ನು ಶ್ರಾವಣವಿಡೀ ಬತ್ತಿಸಿದೆವು. ಸೇದಿ ಸೇದಿ ಚೆಲ್ಲುವುದು, ಮಳೆಯ ನೀರು ಇಳಿದು ಬರುವವರೆಗೆ ಕಾಯುವುದು, ಮತ್ತೆ ಚೆಲ್ಲುವುದು. ಅದಕ್ಕೆ ಹೋಗಲು ನಾನು ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಯಾರೂ ತಡೆಯಲೂ ಇಲ್ಲ. ಸಂಕ್ರಾಂತಿ ಕಳೆದು ಎಷ್ಟೋ ದಿನಗಳಾದ ಮೇಲೆ ನೀರು ನಿಜವಾಗಿ ತಿಳಿಯಾಯಿತು. ವಿದ್ಯಾ ಪರೀಕ್ಷಿಸಿ ಒಪ್ಪಿದ ಮೇಲೆಯೇ ಬಳಸಲು ಶುರುಮಾಡಿದೆವು.

ಯಮನವ್ವನ ಹಂಡೆಗಳನ್ನು ಕಾಶವ್ವ ಕಲ್ಲು ಸರಿಸಿದ ದಿನವೇ ಕೊಟ್ಟು ಬಂದಿದ್ದಳು. ತಪ್ಪಾಯಿತು ಎಂದು ಎಲ್ಲರೂ ಅವಳ ಮನೆಗೆ ಹೋಗಿ ಹೇಳಿದ್ದರು. ನಾನು ಹೋಗಿರಲಿಲ್ಲ. ಒಂದು ವಾರದ ನಂತರ ಒಬ್ಬಳೇ ಹೋದೆ. ಅವಳು ಒಲೆ ಹೊತ್ತಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ಒಂದ ಕೇಳ್ತೇನಿ," ಎಂದಳು ಅವಳೇ. "ಅವತ್ತ ಎಲ್ಲಾರ ಮುಂದ ನಿಮ್ಮನ್ನ ಕೇಳಿದ್ನೆಲ್ರಿ. ಆಗ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳು ಊದುಗೊಳವೆ ಕೆಳಗಿಟ್ಟು ನನ್ನನ್ನು ನೋಡಿದಳು. "ಗೊತ್ತಿದ್ದಿಲ್ಲ ಅಂತ ಹೇಳ್ತೀರಿ ಅಂತ ಮಾಡಿದ್ದೆ," ಎಂದಳು. ಮತ್ತೆ ಒಲೆಯ ಕಡೆ ತಿರುಗಿದಳು. ಕೂಡು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ.

ಈಗಲೂ ಅದೇ ಮನೆಯಲ್ಲಿದ್ದೇನೆ. ಅತ್ತೆ ಮಾತಾಡುತ್ತಾರೆ, ಬೇಕಾದಷ್ಟು ಮಾತ್ರ. ಅಣ್ಣ ಮೂರನೆಯ ಪಂಚಮಿಗೆ ಬಂದ. ಓಣಿಯ ಹೆಂಗಸರು ಪ್ರತಿ ಸೋಮವಾರ ಬಾವಿಯ ನೀರು ಪರೀಕ್ಷೆ ಮಾಡುವ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ. ವಿದ್ಯಾ ಕೊಟ್ಟ ಸಾಮಾನು ತೆಗೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ನಾನು ಸರಿಯಿದೆ ಅಂದರೂ ಯಾರೂ ಕೊಡ ಇಳಿಸುವುದಿಲ್ಲ. ಯಮನವ್ವ ಮೆಟ್ಟಿಲು ಹಿಡಿದು ನಿಧಾನಕ್ಕೆ ಇಳಿಯುತ್ತಾಳೆ, ಬೊಗಸೆಯಲ್ಲಿ ನೀರೆತ್ತಿ ಮಂಜುಗಣ್ಣಿನ ಹತ್ತಿರ ಹಿಡಿಯುತ್ತಾಳೆ, ನಾಲಿಗೆಗೆ ತಾಗಿಸುತ್ತಾಳೆ. ಅವಳು ಹೂಂ ಅಂದ ಮೇಲೆಯೇ ಕೊಡಗಳು ಇಳಿಯುತ್ತವೆ. ಹೀಗೆ ಮಾಡಿ ಎಂದು ಯಾರೂ ಹೇಳಿದ್ದಲ್ಲ, ತಾನಾಗಿ ನಡೆದುಬಂದಿದೆ. ನಾನೂ ನನ್ನ ಕೊಡ ಹಿಡಿದು ಅವಳ ಹೂಂಗಾಗಿ ಕಾಯುತ್ತೇನೆ.